ಸದ್ದು ಮಾಡಿದರೆ ಹಾಲಿಲ್ಲ

"ಅತ್ತೆ, ಇಲ್ಲಿಂದ ಒಂದು ಗಂಟೆ ದಾರಿಯಲ್ಲಿ ಒಂದು ಫಾರ್ಮ್ ಇದೆ. ಕಾಡುಪ್ರಾಣಿಯ ಹಾಲು ಕರೆದು ಚೀಸ್ ಮಾಡ್ತಾರೆ. ಕಿಲೋಗೆ ಸಾವಿರ ಡಾಲರ್ ಅಂತೆ. ನೋಡ್ಕೊಂಡು ಬರೋಣ್ವಾ?"

ಅಳಿಯಂದಿರು ಹೀಗೆ ಕೇಳಿದಾಗ ನಾನು ಅಡುಗೆಮನೆಯಲ್ಲಿ ಸಬ್ಬಸಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಸ್ವೀಡನ್ನಿನಲ್ಲಿ ಬೇರೇನು ಸಿಗದಿದ್ದರೂ ಸಬ್ಬಸಿಗೆ ಮಾತ್ರ ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ಆ ಜನ ಮೀನಿಗೂ ಆಲೂಗಡ್ಡೆಗೂ ಅದನ್ನೇ ಉದುರಿಸಿಕೊಂಡು ತಿಂತಾರೆ. ಬಾಣಂತಿಗೆ ಇದಕ್ಕಿಂತ ಒಳ್ಳೆಯ ಸೊಪ್ಪು ಇನ್ನೊಂದಿಲ್ಲ ಅಂತ ನಾನು ದಿನಾ ತರಿಸಿ ದಿನಾ ಪಲ್ಯ ಮಾಡುತ್ತಿದ್ದೆ. ಮಗಳು ನಾಲ್ಕು ದಿನದಿಂದ ಅದನ್ನು ತಟ್ಟೆಯಲ್ಲೇ ಬಿಡುತ್ತಿದ್ದಳು.

ಸಾವಿರ ಡಾಲರ್ ಅಂದರೆ ಆಗ ಹತ್ತಿರ ಹತ್ತಿರ 80 ಸಾವಿರ ರೂಪಾಯಿ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ನಕ್ಕೆ. ಹಾಸನ ಜಿಲ್ಲೆಯ ನಮ್ಮೂರ ಡೇರಿಗೆ ಇಪ್ಪತ್ತೆರಡು ವರ್ಷ ಹಾಲು ಹಾಕಿದವಳು ನಾನು. ಕ್ಯಾನಿನ ಮುಂದೆ ಸಾಲಿನಲ್ಲಿ ನಿಂತು, ಫ್ಯಾಟ್ ಅರ್ಧ ಪಾಯಿಂಟ್ ಕಡಿಮೆ ಬಂತು ಅಂತ ಕಾರ್ಯದರ್ಶಿ ಹತ್ತಿರ ಜಗಳ ಆಡಿದವಳು. ಆದರೆ ಅಳಿಯ ನನ್ನನ್ನು ಕರೆದದ್ದು ಚೀಸ್ ತೋರಿಸುವುದಕ್ಕಲ್ಲ ಅಂತ ನನಗೂ ಗೊತ್ತಿತ್ತು. ಆ ಮನೆಯಲ್ಲಿ ನಾನು ಮತ್ತು ಮಗಳು ಮುಖ ಕೊಟ್ಟು ಮಾತಾಡಿ ನಾಲ್ಕು ದಿನ ಆಗಿತ್ತು. ಪಾಪ, ಇಬ್ಬರ ನಡುವೆ ಅವರು ಎಷ್ಟು ದಿನ ಅಂತ ಓಡಾಡಿಯಾರು?

ಮಗಳು ಸ್ವೀಡನ್ನಿನ ಉತ್ತರಕ್ಕಿರುವ ಉಮಿಯೋ ಅನ್ನುವ ಊರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಊರಿನ ತುಂಬಾ ಬರ್ಚ್ ಮರ. 1888ರಲ್ಲಿ ಊರಿನ ಬಹುಭಾಗ ಸುಟ್ಟು ಹೋದಾಗ, ಇನ್ನು ಮೇಲೆ ಬೆಂಕಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹಾರಬಾರದು ಅಂತ ಅಗಲ ರಸ್ತೆ ಮಾಡಿ, ಸಾಲು ಸಾಲಾಗಿ ಬರ್ಚ್ ನೆಟ್ಟರಂತೆ. ನಾನು ಅವಳ ಬಾಣಂತನಕ್ಕೆ ಅಂತ ಮೇ ಕೊನೆಯಲ್ಲಿ ಹೋದೆ. ಮೆಂತ್ಯ, ಓಮ, ಕೊಬ್ಬರಿ, ಅಂಟು, ಬಾಣಂತಿ ಖಾರದ ಪುಡಿ, ರಾಗಿ ಹಿಟ್ಟು, ಮಗುವಿಗೆ ಬಜೆ, ಹಳೇ ಪಂಚೆಯ ತುಂಡುಗಳು, ಎಲ್ಲಾ ಸೇರಿ ಎರಡು ಸೂಟ್‌ಕೇಸ್. ಬಾಣಂತನದ ವಿಷಯದಲ್ಲಿ ನನಗೆ ತಿಳಿಯದ್ದು ಇಲ್ಲ ಅಂದುಕೊಂಡೇ ವಿಮಾನ ಹತ್ತಿದ್ದೆ.

ಜೂನ್‌ನಲ್ಲಿ ಹೆಣ್ಣು ಮಗು ಆಯಿತು. ಆ ತಿಂಗಳು ಅಲ್ಲಿ ರಾತ್ರಿಯೇ ಇಲ್ಲ. ಹನ್ನೊಂದು ಗಂಟೆಗೂ ಕಿಟಕಿಯಲ್ಲಿ ಬೆಳಕು, ಎರಡು ಗಂಟೆಗೂ ಬೆಳಕು. ಮಗು ಅತ್ತರೆ ರಾತ್ರಿಯೋ ಬೆಳಗೋ ತಿಳಿಯುತ್ತಿರಲಿಲ್ಲ. ಮಗು ಅಳುತ್ತಲೇ ಇತ್ತು. ಮಗಳಿಗೆ ಹಾಲು ಸಾಕಾಗುತ್ತಿರಲಿಲ್ಲ.

ಇಲ್ಲಿ ನಾನು ನನ್ನ ಬಗ್ಗೆ ನಿಜ ಬರೀಬೇಕು. ಅವಳು ಮಗುವನ್ನು ಎದೆಗೆ ಹಾಕಿಕೊಂಡ ತಕ್ಷಣ ನಾನು ಹೋಗಿ ಎದುರಿಗೆ ಕೂರುತ್ತಿದ್ದೆ. "ಬಂತಾ? ಹಿಡೀತಾ? ಇನ್ನೊಂದು ಕಡೆ ಹಾಕು. ನೀನು ಸರಿಯಾಗಿ ಉಣ್ಣಲ್ಲ, ಎಲ್ಲಿಂದ ಬರುತ್ತೆ?" ಕೈ ಹಾಕಿ ಮಗುವಿನ ತಲೆ ಒತ್ತುತ್ತಿದ್ದೆ. ನಮ್ಮ ಅಕ್ಕನ ಮಗಳಿಗೆ ಹೇಗೆ ಸೀರೆ ನೆನೆಯುವಷ್ಟು ಹಾಲಿತ್ತು ಅಂತ ಕತೆ ಹೇಳುತ್ತಿದ್ದೆ. ಊರಿಗೆ ಫೋನ್ ಮಾಡಿ ಅವಳ ಎದುರಿಗೇ, "ಇವಳಿಗೆ ಹಾಲೇ ಇಲ್ಲ ಕಣೇ" ಅಂತ ತಂಗಿಗೆ ಹೇಳಿದೆ. ಅದು ಅವಳ ಮುಖದ ಮೇಲೆ ಏನು ಮಾಡಿತು ಅಂತ ಆಗ ನನಗೆ ಕಾಣಲಿಲ್ಲ. ಒಳ್ಳೆಯದಕ್ಕೇ ಹೇಳುತ್ತಿದ್ದೀನಿ ಅಂದುಕೊಂಡಿದ್ದೆ.

ಮಕ್ಕಳ ಆರೋಗ್ಯ ಕೇಂದ್ರದ ನರ್ಸ್ ಒಬ್ಬಾಕೆ ಮನೆಗೆ ಬಂದು ನೋಡಿದಳು. ತೂಕ ಹಾಕಿದಳು, ಮಗಳ ಹತ್ತಿರ ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು. ಅವಳ ಇಂಗ್ಲಿಷ್‌ನಲ್ಲಿ ನನಗೆ ಗೊತ್ತಾದದ್ದು ಒಂದೇ ಮಾತು: ಆಕ್ಸಿಟೋಸಿನ್. ನನ್ನ ಎದೆ ಒಂದು ಸಲ ಹೊಡೆದುಕೊಂಡಿತು. ಆ ಪದ ನನಗೆ ಗೊತ್ತು. ಕೊಟ್ಟಿಗೆಯಲ್ಲಿ, ಚಿಕ್ಕ ಗಾಜಿನ ಬಾಟಲಿಯ ಮೇಲೆ ಓದಿದ್ದೆ. ಅದರ ವಿಷಯ ಆಮೇಲೆ ಹೇಳುತ್ತೇನೆ. ನರ್ಸ್ ಹೋದ ಮೇಲೆ ಮಗಳು ಹೇಳಿದ್ದು ಇಷ್ಟು: "ಹಾಲು ಇದೆಯಂತೆ ಅಮ್ಮ. ಇಳೀತಾ ಇಲ್ಲವಂತೆ. ತಾಯಿ ನೆಮ್ಮದಿಯಾಗಿದ್ರೆ ಮೆದುಳಿನಿಂದ ಒಂದು ಹಾರ್ಮೋನು ಬರುತ್ತಂತೆ, ಆಗ ಹಾಲು ಇಳಿಯುತ್ತೆ. ಭಯ, ಗಾಬರಿ ಇದ್ರೆ ತಡೆಯುತ್ತೆ. ಯಾರೂ ಇಲ್ಲದ ಕಡೆ ಒಬ್ಬಳೇ ಕೂತು ಹಾಲು ಕೊಡು ಅಂದ್ಲು."

"ಯಾರೂ ಇಲ್ಲದ ಕಡೆ ಅಂದ್ರೆ? ನಾನು ಇರಬಾರದು ಅಂತಾನಾ?"

ಅವಳು ಉತ್ತರ ಕೊಡಲಿಲ್ಲ. ಮಾರನೇ ದಿನ ನಾನು ಮತ್ತೆ ಹೋಗಿ ಎದುರಿಗೆ ಕೂತೆ. ಮಗು ಬಾಯಿ ಬಿಟ್ಟು ಅಳುತ್ತಿತ್ತು, ನಾನು ಮತ್ತೆ "ಬಂತಾ?" ಅಂದೆ. ಆಗ ಅವಳು ಅಂದಳು, "ನಾನೇನು ಎಮ್ಮೆನಾ ಅಮ್ಮ? ಚೊಂಬು ಹಿಡ್ಕೊಂಡು ಕೂತಿದ್ದೀಯಲ್ಲ?" ಎದ್ದು ಹೋಗಿ ಕೋಣೆ ಬಾಗಿಲು ಹಾಕಿ ಚಿಲಕ ಹಾಕಿಕೊಂಡಳು. ಅದೇ ನಾಲ್ಕು ದಿನದ ಮಾತು.

ಫಾರ್ಮ್‌ಗೆ ಹೊರಟದ್ದು ಆಗಸ್ಟ್ ಮೊದಲ ವಾರ. ಮಗುವಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಮೂರು ತಿಂಗಳು ಬಾಣಂತಿ ಹೊಸಿಲು ದಾಟಬಾರದು ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಆ ದೇಶದಲ್ಲಿ ಚಳಿಗಾಲದಲ್ಲೂ ಮಕ್ಕಳನ್ನು ತಳ್ಳುಗಾಡಿಯಲ್ಲಿ ಹೊರಗೇ ಮಲಗಿಸುತ್ತಾರೆ. ನನ್ನ ಮಾತನ್ನು ಯಾರು ಕೇಳ್ತಾರೆ ಅಂತ ಮಗುವಿನ ತಲೆಗೆ ಟೋಪಿ, ಅದರ ಮೇಲೊಂದು ಬಟ್ಟೆ ಕಟ್ಟಿ ಸುಮ್ಮನಾದೆ. ಬಟ್ಟೆಯನ್ನು ಮಗಳು ಕಾರಿನಲ್ಲಿ ಬಿಚ್ಚಿದಳು. ನಾನು ನೋಡಿಯೂ ನೋಡದ ಹಾಗಿದ್ದೆ.

ದಾರಿಯುದ್ದಕ್ಕೂ ಕಾಡು. ಪೈನ್, ಸ್ಪ್ರೂಸ್, ಬರ್ಚ್, ಮಧ್ಯೆ ಮಧ್ಯೆ ಕನ್ನಡಿ ಇಟ್ಟ ಹಾಗೆ ಕೆರೆ. ಅಲ್ಲಲ್ಲಿ ಹಳದಿ ಬೋರ್ಡಿನ ಮೇಲೆ ಕೊಂಬಿನ ಪ್ರಾಣಿಯ ಚಿತ್ರ. ಅದೇ ಮೂಸ್, ಸ್ವೀಡಿಶ್‌ನಲ್ಲಿ ಎಲ್ಯ್ ಅಂತಾರೆ. ಜಿಂಕೆಯ ಕುಲದಲ್ಲಿ ಭೂಮಿ ಮೇಲೆ ಇದಕ್ಕಿಂತ ದೊಡ್ಡದಿಲ್ಲ. ನಮ್ಮ ಮಲೆನಾಡಿನ ಕಡವೆಯನ್ನು ನೋಡಿದವರು ಅದರ ಮೇಲೆ ಇನ್ನೂ ಒಂದು ಕಡವೆಯನ್ನು ಕೂರಿಸಿಕೊಂಡು ಯೋಚಿಸಬೇಕು. ಕಾಲು ಉದ್ದ, ಕಾರಿಗೆ ಅಡ್ಡ ಬಂದರೆ ಕಾಲಿಗೆ ಡಿಕ್ಕಿಯಾಗಿ, ಅಷ್ಟು ಭಾರದ ಮೈ ನೇರ ಗಾಜಿನ ಮೇಲೆ ಬೀಳುತ್ತೆ. ಅದಕ್ಕೇ ಅಲ್ಲಿನವರಿಗೆ ಮುಸ್ಸಂಜೆಯಲ್ಲಿ ಕಾರು ಓಡಿಸಲು ಭಯ. ಸೆಪ್ಟೆಂಬರ್ ಬಂದರೆ ಆ ಉತ್ತರ ಭಾಗದಲ್ಲಿ ಬೇಟೆ ಶುರು. ಮೂಸ್ ಮಾಂಸ ಅಲ್ಲಿ ಮನೆ ಮನೆಯ ಊಟ, ಸಾವಿರಾರು ಜನ ರಜೆ ಹಾಕಿ ಕಾಡಿಗೆ ಹೋಗುತ್ತಾರೆ. ಅಳಿಯ ಇದನ್ನೆಲ್ಲಾ ಹೇಳುತ್ತಾ ಹೋದರು. ಮಗಳು ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದಿರಲಿಲ್ಲ.

ಬ್ಯೂರ್ಹೋಲ್ಮ್ ಅಂತ ಊರು. ಇಡೀ ಸ್ವೀಡನ್ನಿನಲ್ಲಿ ತೀರ ಕಡಿಮೆ ಜನ ಇರುವ ಆಡಳಿತ ಪ್ರದೇಶಗಳಲ್ಲಿ ಒಂದು ಅದು, ಎರಡೂವರೆ ಸಾವಿರವೂ ಇಲ್ಲ. ನಮ್ಮ ಹೋಬಳಿಯ ಒಂದು ಸಂತೆಯಲ್ಲಿ ಅದಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಅಲ್ಲಿದೆ ಎಲ್ಯೆನ್ಸ್ ಹೂಸ್, ಅಂದರೆ ಮೂಸ್‌ಗಳ ಮನೆ.

ಬೇಲಿಯಾಚೆ ಒಂದು ಹೆಣ್ಣು ಮೂಸ್ ನಿಂತಿತ್ತು. ಮೊದಲು ನೋಡಿದಾಗ ದೇವರು ಇದನ್ನು ಉಳಿದ ಸಾಮಾನಿನಲ್ಲಿ ಮಾಡಿದ ಹಾಗಿದೆಯಲ್ಲ ಅನ್ನಿಸಿತು. ಕುದುರೆಯ ಎತ್ತರ, ಒಂಟೆಯ ಮೂತಿ, ಹೆಗಲ ಮೇಲೊಂದು ಡುಬ್ಬ, ಗಂಟಲ ಕೆಳಗೆ ಜೋತಾಡುವ ಚರ್ಮದ ಚೀಲ. ಮೇಲ್ದುಟಿ ಮಾತ್ರ ಎಷ್ಟು ಮೆತ್ತಗೆ, ಎಷ್ಟು ಚುರುಕು! ಅಲ್ಲಿನವರು ಕೈಗೆ ಕೊಟ್ಟ ವಿಲ್ಲೋ ಮರದ ಕೊಂಬೆಯನ್ನು ಚಾಚಿದೆ. ಅದು ಆ ತುಟಿಯಲ್ಲೇ ಎಲೆಗಳನ್ನೆಲ್ಲಾ ಒಂದೇ ಎಳೆತಕ್ಕೆ ಸವರಿಕೊಂಡು ಬರೀ ಕಡ್ಡಿ ಉಳಿಸಿತು. ಬೆರಳಿಗೆ ಉಸಿರು ತಗುಲಿತು. ಬಿಸಿ, ಸೊಪ್ಪಿನ ವಾಸನೆ. ಎಂಟು ವರ್ಷದಿಂದ ನಮ್ಮ ಕೊಟ್ಟಿಗೆ ಖಾಲಿ. ಅಷ್ಟು ವರ್ಷದ ಮೇಲೆ ಒಂದು ಮೆಲುಕು ಹಾಕುವ ಪ್ರಾಣಿಯ ಉಸಿರು ಕೈಗೆ ತಾಗಿ, ಏನೋ ಕಣ್ಣು ತುಂಬಿಕೊಂಡಿತು. ಅತ್ತ ಗಂಡು ಮೂಸ್ ಒಂದು ಮಲಗಿತ್ತು. ಅದರ ಅಗಲ ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ಚರ್ಮ. ಆ ಕೊಂಬು ವರ್ಷಕ್ಕೊಮ್ಮೆ ಬಿದ್ದು ಹೋಗಿ ಮತ್ತೆ ಹುಟ್ಟುತ್ತದೆ.

ಡೇರಿಯವಳ ಕಣ್ಣು ನೋಡಿ, ನಾನು ಬಗ್ಗಿ ಕೆಚ್ಚಲನ್ನೇ ನೋಡಿದೆ. ನಾಲ್ಕು ತೊಟ್ಟು, ನಮ್ಮ ಹಸುವಿನ ಹಾಗೇ. ಆದರೆ ಕೆಚ್ಚಲು ಎಷ್ಟು ಚಿಕ್ಕದು. ಅಷ್ಟು ದೊಡ್ಡ ಮೈಗೆ ಇಷ್ಟೇನಾ ಅನ್ನಿಸಿತು.

ತೋರಿಸಲು ಬಂದ ಹೆಂಗಸು ಮಧ್ಯವಯಸ್ಸಿನವಳು, ಮೆಲುದನಿ. ಅವಳು ಹೇಳಿದ್ದನ್ನು ಮಗಳು ನನಗೆ ಕನ್ನಡದಲ್ಲಿ ಹೇಳಬೇಕಾಯಿತು. ಹಾಗಾಗಿ ನಾಲ್ಕು ದಿನದ ಮೇಲೆ ಅವಳ ಬಾಯಿಂದ ನನಗೆ ಬಂದ ಮಾತೆಲ್ಲಾ ಮೂಸ್ ಬಗ್ಗೆ.

ಮೂಸ್ ಮೇ, ಜೂನ್‌ನಲ್ಲಿ ಕರು ಹಾಕುತ್ತದೆ. ಸೆಪ್ಟೆಂಬರ್‌ವರೆಗೆ ಮಾತ್ರ ಹಾಲು. ದಿನಕ್ಕೆ ಬಹಳ ಅಂದರೆ ನಾಲ್ಕೈದು ಲೀಟರ್. ಹಾಲಿನಲ್ಲಿ ಕೊಬ್ಬು ನೂರಕ್ಕೆ 10-12. ನಾನು ಅಲ್ಲೇ, "ಹನ್ನೆರಡು ಫ್ಯಾಟಾ!" ಅಂತ ಜೋರಾಗಿ ಅಂದುಬಿಟ್ಟೆ. ನಮ್ಮ ಎಮ್ಮೆಗೆ ಏಳು ಬಂದ ದಿನ ನಾನು ಡೇರಿಯಿಂದ ಎದೆ ಎತ್ತಿಕೊಂಡು ಬರುತ್ತಿದ್ದೆ. ಹಾಲನ್ನು ತಣ್ಣಗೆ ಕೂಡಿಟ್ಟು, ವರ್ಷದಲ್ಲಿ ಮೂರು ಸಲ ಮಾತ್ರ ಒಡೆಸಿ ಚೀಸ್ ಮಾಡುತ್ತಾರೆ. ಇಡೀ ವರ್ಷದ ಚೀಸ್ ಸುಮಾರು 300 ಕಿಲೋ. ಹಾಲು ಕೊಡುವ ಮೂಸ್ ಮೂರೇ. ಬೆಲೆ ಯಾಕೆ ಆಕಾಶದಲ್ಲಿದೆ ಅಂತ ಡೇರಿಗೆ ಹಾಲು ಹಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಅವಳು ಹಾಲು ಕರೆಯುವ ರೀತಿ ಹೇಳಿದಳು. ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ. ಯಾಕೆಂದರೆ ಹೊಸಬರು ಇದ್ದರೆ ಅದು ಹಾಲು ಬಿಡುವುದಿಲ್ಲ. ಒಂದು ಪ್ರಾಣಿಯ ಹಾಲು ಕರೆಯಲು ಎರಡು ಗಂಟೆವರೆಗೂ ಹಿಡಿಯುತ್ತದೆ. ಆ ಎರಡು ಗಂಟೆಯೂ ಸದ್ದಿರಬಾರದು. ಬಾಗಿಲು ಬಡಿಯಬಾರದು, ಮಾತಾಡಬಾರದು. ಒಮ್ಮೆ ಬೆದರಿದರೆ ಹಾಲು ನಿಂತೇ ಹೋಗಬಹುದು. ಪ್ರಾಣಿಗೆ ಕರೆಯುವವರ ಮೇಲೆ ನಂಬಿಕೆ ಬರಬೇಕು, ಅಲ್ಲಿಯವರೆಗೆ ಕಾಯಬೇಕು.

ಮಗಳು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಮೂಸ್ ಕಡೆಗೇ ನೋಡುತ್ತಾ, ಪಾಠ ಒಪ್ಪಿಸುವ ಹಾಗೆ ಹೇಳಿದಳು. "ಎರಡು ಗಂಟೆವರೆಗೂ ಸುಮ್ನೆ ಇರ್ತಾರಂತೆ." ಅಷ್ಟೇ. ನನಗೆ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಆ ಹೆಂಗಸು ನನ್ನ ಕಡೆ ತಿರುಗಿ ಏನೋ ಕೇಳಿದಳು. ನಾನು ಹಾಲು ಕರೆದವಳು ಅಂತ ಅಳಿಯ ಹೇಳಿದ್ದರಂತೆ. "ನಿಮ್ಮೂರಲ್ಲಿ ಹೇಗೆ, ಪ್ರಾಣಿ ಹಾಲು ಬಿಡದಿದ್ರೆ ಏನು ಮಾಡ್ತೀರಿ ಅಂತ ಕೇಳ್ತಿದ್ದಾರೆ," ಅಂದಳು ಮಗಳು.

ನಾನು ಹೇಳಿದೆ: "ನಮ್ಮಲ್ಲಿ ಕರು ಜೊತೆಯಲ್ಲೇ ಇರುತ್ತೆ. ಮೊದಲು ಕರುವಿಗೆ ಬಿಡ್ತೀವಿ, ಕರು ಕುಡಿದರೆ ತಾಯಿ ಪ್ರೀತಿಯಿಂದ ಸೊರೆ ಬಿಡುತ್ತೆ. ಬೆನ್ನು ಸವರಿ, ಹೆಸರು ಹಿಡಿದು ಕರೆದು, ಹಾಡು ಹೇಳ್ಕೊಂಡು ಹಾಲು ಕರೀತೀವಿ."

ಮಗಳು ಒಂದು ಕ್ಷಣ ನನ್ನನ್ನು ನೋಡಿದಳು. ಆ ದಿನ ಮೊದಲ ಸಲ ನೇರವಾಗಿ ನೋಡಿದ್ದು ಆಗ. ಆಮೇಲೆ ತಿರುಗಿ, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷ್‌ನಲ್ಲಿ ಹೇಳಿದಳು. ಆ ಹೆಂಗಸಿಗೆ ಬಹಳ ಸಂತೋಷವಾಯಿತು, ನನ್ನ ಕೈ ಹಿಡಿದುಕೊಂಡಳು.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಅಂತ ವಾದ ಮಾಡಬಹುದು. ನಮ್ಮ ಅತ್ತೆ ಹಾಗೇ ಹಾಲು ಕರೆಯುತ್ತಿದ್ದರು. ಕರು ಸತ್ತು ಹೋದರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಹೊಲಿಸಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರು. ಹಸು ಆ ಹುಲ್ಲು ಕರುವನ್ನು ನೆಕ್ಕುತ್ತಾ ಹಾಲು ಬಿಡುತ್ತಿತ್ತು. ಅದೂ ಒಂದು ಮೋಸವೇ, ಆದರೆ ಅದರಲ್ಲಿ ಕಾಯುವುದಿತ್ತು. ನನ್ನ ಕಾಲಕ್ಕೆ ಕಾಯುವುದಕ್ಕೆ ಹೊತ್ತಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಡೇರಿ ಬಾಗಿಲು, ಏಳೂವರೆಗೆ ಮಗಳ ಸ್ಕೂಲ್ ಬಸ್.

ನಮ್ಮ ಎಮ್ಮೆ ಕಾಳಿ ಎರಡನೇ ಸೂಲಿಗೆ ಗಂಡುಕರು ಹಾಕಿತು. ಹೆಣ್ಣಾಗಿದ್ದರೆ ಮುಂದಕ್ಕೆ ಎಮ್ಮೆಯಾಗುತ್ತೆ, ಗಂಡಾದರೆ ಯಾಕೆ ಅಂತ ನಾನು ಅದಕ್ಕೆ ಕಾಲು ಹೊಟ್ಟೆಗೂ ಹಾಲು ಬಿಡಲಿಲ್ಲ. ಸೊರೆ ಬಿಟ್ಟ ತಕ್ಷಣ ಎಳೆದು ಕಟ್ಟುತ್ತಿದ್ದೆ. ಗಂಜಿ ಕುಡಿಸಿದರೆ ಬದುಕುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು. ಬದುಕಲಿಲ್ಲ. ಎಷ್ಟು ದಿನಕ್ಕೆ ಸತ್ತಿತು ಅಂತ ನನಗೆ ನೆನಪೇ ಇಲ್ಲ, ಅಷ್ಟು ಲೆಕ್ಕಕ್ಕಿಲ್ಲದ ಪ್ರಾಣಿ ಅದು. ಕರು ಇಲ್ಲದ ಮೇಲೆ ಕಾಳಿ ಹಾಲು ಏರಿಸಿಕೊಂಡಿತು. ಕೆಚ್ಚಲು ತುಂಬಿದೆ, ತೊಟ್ಟು ಹಿಡಿದರೆ ಒಂದು ಹನಿ ಇಲ್ಲ. ಸಾಲದ ಕಂತು ಕಟ್ಟಬೇಕಿತ್ತು. ಯಾರೋ ಇಂಜೆಕ್ಷನ್ ಹೇಳಿಕೊಟ್ಟರು. ಚಿಕ್ಕ ಬಾಟಲಿ, ಕೆಲವೇ ರೂಪಾಯಿ. ಚುಚ್ಚಿ ಎರಡು ನಿಮಿಷಕ್ಕೆ ನಲ್ಲಿ ಬಿಟ್ಟ ಹಾಗೆ ಹಾಲು. ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡುವಂಥ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ ಅಂತ ಈಚೆಗೆ ಓದಿದೆ. ಆಗ ನಮ್ಮ ಬೀದಿಯಲ್ಲಿ ಯಾರಿಗೂ ಅದು ತಪ್ಪು ಅಂತಲೇ ಇರಲಿಲ್ಲ. ಕೊನೆಕೊನೆಗೆ ನಾನು ಕೊಟ್ಟಿಗೆ ಬಾಗಿಲಿಗೆ ಬಂದರೆ ಸಾಕು, ಕಾಳಿ ಚರ್ಮ ನಡುಗಿಸುತ್ತಿತ್ತು. ಆಮೇಲೆ ಬೆದೆಗೂ ಬರಲಿಲ್ಲ. ಮಾರಿದೆವು. ಯಾರಿಗೆ ಮಾರಿದೆವು, ಅವರು ಯಾಕೆ ತಗೊಂಡರು ಅಂತ ನಾನು ಬರೆಯುವುದಿಲ್ಲ, ನಿಮಗೇ ಗೊತ್ತಾಗುತ್ತದೆ.

ನರ್ಸ್ ಬಾಯಲ್ಲಿ ಬಂದ ಆಕ್ಸಿಟೋಸಿನ್ ಅದೇ. ತಾಯಿ ಮಗುವನ್ನು ಮುಟ್ಟಿದಾಗ ತಾನಾಗಿ ಒಳಗೆ ಹುಟ್ಟುವುದೂ ಅದೇ, ನಾನು ಕಾಳಿಯ ಕತ್ತಿಗೆ ಚುಚ್ಚಿದ್ದೂ ಅದೇ.

ಫಾರ್ಮ್‌ನಲ್ಲಿ ಚೀಸ್ ರುಚಿ ನೋಡಲು ಕೊಟ್ಟರು. ಅವರು ಮೂರು ನಾಲ್ಕು ಬಗೆ ಮಾಡುತ್ತಾರೆ. ನಾವು ತಿಂದದ್ದು ಫೆಟಾದಂಥ ಬಿಳೀ ಚೀಸ್. ಉಗುರಿನಷ್ಟು ತುಂಡು. ಉಪ್ಪು, ಸ್ವಲ್ಪ ಹುಳಿ, ಬೆಣ್ಣೆಯ ಹಾಗೆ ನಾಲಿಗೆಗೆ ಅಂಟಿಕೊಂಡು ನಿಧಾನ ಕರಗಿತು. ಸಾವಿರ ಡಾಲರಿನ ರುಚಿ ಅಂತ ನನಗೇನೂ ಅನ್ನಿಸಲಿಲ್ಲ. ಕಾಳಿಯ ಮೊದಲ ದಿನದ ಗಿಣ್ಣು, ಏಲಕ್ಕಿ ಬೆಲ್ಲ ಹಾಕಿ ಹಬೆಯಲ್ಲಿ ಬೇಯಿಸಿದ್ದು, ಇದಕ್ಕಿಂತ ಮೇಲು. ಅಳಿಯನಿಗೆ ಮಾತ್ರ ತುಂಬಾ ಇಷ್ಟವಾಗಿ, ಬೆಲೆ ನೋಡಿ ನಾಲಿಗೆ ಕಚ್ಚಿಕೊಂಡು ಇಟ್ಟರು.

ವಾಪಸ್ ಹೊರಟಾಗ ಮಗಳು ಫೋನಿನಲ್ಲಿ ಏನೋ ಓದುತ್ತಿದ್ದಳು. ಓದಿ, ಗಂಡನಿಗೆ ಹೇಳುವ ಹಾಗೆ ಹೇಳಿದಳು. ರಷ್ಯಾದ ಕೊಸ್ಟ್ರೊಮಾ ಅನ್ನುವ ಕಡೆ 1963ರಿಂದ ಮೂಸ್ ಫಾರ್ಮ್ ಇದೆಯಂತೆ. ಅಲ್ಲಿನ ಹಾಲು ಹೊಟ್ಟೆ ಹುಣ್ಣಿನ ರೋಗಿಗಳಿಗೆ ಅಂತ ಹತ್ತಿರದ ಆರೋಗ್ಯಧಾಮಕ್ಕೆ ಹೋಗುತ್ತೆ. ಅಲ್ಲಿ ಮೂಸ್‌ಗಳು ಬೇಲಿಯಿಲ್ಲದೆ ಕಾಡಿನಲ್ಲಿ ಮೇಯುತ್ತವೆ. ಕರು ಹಾಕಿದ ಕೂಡಲೇ ಹಾಲು ಕರೆಯುವ ಹೆಂಗಸು ತಾಯಿಯ ಹತ್ತಿರ ಹೋಗುತ್ತಾಳೆ, ಅದು ಅವಳನ್ನು ನೆಕ್ಕಿ ತನ್ನ ಕರು ಅಂತಲೇ ಗುರುತು ಹಿಡಿಯುತ್ತೆ. ಆಮೇಲೆ ಎಷ್ಟು ದೂರ ಮೇಯಲು ಹೋದರೂ ಕರುವಿಗೆ ಹಾಲು ಕೊಡಲು ಬಂದ ಹಾಗೆ ಅವಳ ಹತ್ತಿರ ವಾಪಸ್ ಬರುತ್ತೆ.

"ಕರೆಯುವವಳೇ ಕರು," ಅಂದೆ ನಾನು. ಯಾರೂ ಏನೂ ಹೇಳಲಿಲ್ಲ.

ಅರ್ಧ ದಾರಿಯಲ್ಲಿ ಮಗು ಎದ್ದು ಅಳಲು ಶುರು ಮಾಡಿತು. ಅಳಿಯ ಒಂದು ಕೆರೆ ಪಕ್ಕ ಕಾರು ನಿಲ್ಲಿಸಿದರು. ನನ್ನ ಕೈ ತಾನಾಗಿ ಹಿಂದಿನ ಸೀಟಿನ ಕಡೆ ಹೋಗಿತ್ತು, ಮಗುವಿನ ತಲೆ ಸರಿ ಮಾಡೋಣ ಅಂತ. ತಡೆದುಕೊಂಡೆ. ಬಾಗಿಲು ತೆಗೆದು ಇಳಿದೆ. ಸದ್ದಾಗದ ಹಾಗೆ ಬಾಗಿಲನ್ನು ಒತ್ತಿ ಹಾಕಿದೆ. ಅಳಿಯನೂ ಇಳಿದರು. ನಾವಿಬ್ಬರೂ ಬೇರೆ ಬೇರೆ ದಿಕ್ಕಿಗೆ ನಡೆದೆವು, ಜಗಳ ಆಡಿದವರ ಹಾಗೆ.

ಉತ್ತರ ಸ್ವೀಡನ್ನಿನ ಸೊಳ್ಳೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಷ್ಟು ಚಂದದ ಕೆರೆಯ ಪಕ್ಕ ಅಷ್ಟು ಸೊಳ್ಳೆ ಇರುತ್ತೆ ಅಂತ ಯಾವ ಫೋಟೋದಲ್ಲೂ ಗೊತ್ತಾಗುವುದಿಲ್ಲ. ಸೀರೆಯ ಸೆರಗನ್ನು ತಲೆ ಮೇಲೆ ಹೊದ್ದು, ಕಾಲು ಕೆರೆದುಕೊಳ್ಳುತ್ತಾ ಒಂದು ಬಂಡೆ ಮೇಲೆ ಕೂತೆ. ಕೈಯಲ್ಲಿ ಸೊಳ್ಳೆ ಹೊಡೆದರೆ ಸದ್ದಾಗುತ್ತೆ ಅಂತ ಉಜ್ಜಿ ಓಡಿಸುತ್ತಿದ್ದೆ. ಹತ್ತು ನಿಮಿಷ ಮಗು ಅತ್ತಿತು. ಎದ್ದು ಹೋಗಿ ಕೇಳಬೇಕು ಅಂತ ಬಾಯಿ ಕಿತ್ತು ಬರುತ್ತಿತ್ತು. ಆಮೇಲೆ ಅಳು ನಿಂತಿತು. ಹಾಲು ಬಂದು ನಿಂತಿತೋ, ಸುಸ್ತಾಗಿ ನಿಂತಿತೋ ನನಗೆ ಗೊತ್ತಾಗಲಿಲ್ಲ. ಅರ್ಧ ಗಂಟೆಗೂ ಜಾಸ್ತಿ ಹಾಗೇ ಕೂತಿದ್ದೆ. ನೀರಿನ ಆಚೆ ದಡದಲ್ಲಿ ಒಂದು ಹಕ್ಕಿ ಕೂಗುತ್ತಿತ್ತು.

ಇದನ್ನು ಓದಿ, ಆ ದಿನದಿಂದ ಮಗಳಿಗೆ ಹೊಳೆ ಹರಿದ ಹಾಗೆ ಹಾಲು ಬಂತು ಅಂತ ಯಾರೂ ಅಂದುಕೊಳ್ಳಬೇಡಿ. ನಾನು ಆಗಸ್ಟ್ ಕೊನೆಯಲ್ಲಿ ಹೊರಡುವವರೆಗೂ ರಾತ್ರಿ ಒಂದು ಬಾಟಲಿ ಪುಡಿ ಹಾಲು ಕೊಡುತ್ತಲೇ ಇದ್ದರು. ಆದರೆ ಮಗಳು ಕೋಣೆಯ ಚಿಲಕ ಹಾಕುವುದನ್ನು ಬಿಟ್ಟಳು. ನಾನು ಒಳಗೆ ಹೋಗುವುದನ್ನು ಬಿಟ್ಟೆ. ಬಾಗಿಲ ಹೊರಗೆ ಒಂದು ಲೋಟ ಬಿಸಿ ಹಾಲು ಇಟ್ಟು ಬರುತ್ತಿದ್ದೆ. ಸಬ್ಬಸಿಗೆ ಪಲ್ಯ ವಾರಕ್ಕೆರಡು ಸಲಕ್ಕೆ ಇಳಿಯಿತು.

ಕೆರೆಯ ಪಕ್ಕ ಕೂತಿದ್ದಾಗ ಕಾರಿನ ಗಾಜು ಇಳಿದ ಸದ್ದು ಕೇಳಿಸಿತು. "ಅಮ್ಮ, ಬಾ. ಸೊಳ್ಳೆ ಕಚ್ಚುತ್ತೆ," ಅಂದಳು. ಹೋಗಿ ಪಕ್ಕದಲ್ಲಿ ಕೂತೆ. ಮಗು ಅವಳ ಭುಜದ ಮೇಲೆ ನಿದ್ದೆ ಹೋಗಿತ್ತು. ಅಳಿಯ ಇನ್ನೂ ದೂರದಲ್ಲಿದ್ದರು.

"ಅಲ್ಲಿ ಯಾಕೆ ಹಾಗೆ ಹೇಳ್ದೆ ಅಮ್ಮ? ಹಾಡು ಹೇಳ್ಕೊಂಡು ಹಾಲು ಕರೀತೀವಿ ಅಂತ?"

"ಏನು ಹೇಳಲಿ ಮತ್ತೆ? ಇಂಜೆಕ್ಷನ್ ಚುಚ್ತಿದ್ವಿ ಅಂತ ಆ ಹೆಂಗಸಿಗೆ ಹೇಳ್ಬೇಕಿತ್ತಾ? ನೀನಾದ್ರೂ ಹೇಳ್ಬಹುದಿತ್ತು, ನಿನ್ನ ಬಾಯಲ್ಲೇ ತಾನೇ ಇತ್ತು ಮಾತು."

"ನೀನು ಹೇಳಿದ್ದನ್ನ ಹೇಳೋದಷ್ಟೇ ನನ್ನ ಕೆಲಸ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ನಾನೇ ಕೇಳಿದೆ. "ನಿನಗೆ ಅದೆಲ್ಲಾ ನೆನಪಿದೆಯಾ? ಆಗ ನಿನಗೆ ಎಂಟು ವರ್ಷ ಇರಬೇಕು."

"ಎಲ್ಲಾ ನೆನಪಿದೆ. ರಾತ್ರಿ ನೀನು ಮಲಗಿದ ಮೇಲೆ ನನ್ನ ಹಾರ್ಲಿಕ್ಸ್ ತಗೊಂಡು ಹೋಗಿ ಆ ಕರುಗೆ ಕುಡಿಸ್ತಿದ್ದೆ. ಬೆರಳು ಅದ್ದಿ ಅದ್ದಿ. ಬೆರಳನ್ನ ಎಷ್ಟು ಜೋರಾಗಿ ಎಳೀತಿತ್ತು ಗೊತ್ತಾ." ಮಗುವಿನ ಬೆನ್ನು ಸವರುತ್ತಾ ಹೇಳಿದಳು. "ಹೆಸರೂ ಇಟ್ಟಿದ್ದೆ. ನೀನು ಕೇಳಲೇ ಇಲ್ಲ."

"ಏನು ಹೆಸರು?"

"ಗುಂಡ."

ಅಳಿಯ ಕಾಲಿನ ಸೊಳ್ಳೆ ಒರೆಸಿಕೊಂಡು ಬಂದು ಕಾರು ಹತ್ತಿದರು. ಬೆಲ್ಟ್ ಹಾಕಿಕೊಳ್ಳಿ ಅತ್ತೆ ಅಂದರು. ಉಮಿಯೋಗೆ ಇನ್ನೂ ಮೂವತ್ತು ಕಿಲೋಮೀಟರ್ ಇತ್ತು. ಮಗು ಎಚ್ಚರವಾಗದ ಹಾಗೆ ನಿಧಾನಕ್ಕೆ ಹೋದೆವು.